ಫೀಲ್ಡ್ ಹೌಸಿನ ನೆಲಮಾಳಿಗೆಯ ನೀರು

ನಾನು ಓದಿದ ಅಮೆರಿಕದ ಕಾಲೇಜಿನಲ್ಲಿ ಹಳೆಯ ಫೀಲ್ಡ್ ಹೌಸನ್ನು ಕೆಡವುತ್ತಾರಂತೆ. ಅಲ್ಲಿ ಓದಿ ಹೋದವರೆಲ್ಲ ಆ ಕಟ್ಟಡದ ಬಗ್ಗೆ ನೆನಪಿರುವುದನ್ನು ಬರೆದು ಕಳಿಸಬೇಕೆಂದು ಕೇಳಿದ್ದಾರೆ. ಉಳಿದವರು ಏನು ಬರೆಯುತ್ತಾರೋ ನನಗೆ ಗೊತ್ತು. ಯಾವ ಪಂದ್ಯ ಗೆದ್ದರು, ಯಾರ ಮೂಗು ಒಡೆಯಿತು, ಯಾರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು, ಇಂಥವು. ನನ್ನ ನೆನಪು ಅಂಥದ್ದಲ್ಲ. ಆ ಕಟ್ಟಡ ಅಂದರೆ ನನಗೆ ಹೆದರಿಕೆ, ಈಗಲೂ. ಅದನ್ನು ಅವರಿಗೆ ಬರೆಯೋಣವೆಂದು ಕೂತೆ, ಆಗಲಿಲ್ಲ. ಜಲಗಂಡ ಎಂದರೇನು ಅಂತ ಅವರಿಗೆ ಬಿಡಿಸಿ ಹೇಳುವುದರಲ್ಲೇ ಕಾಗದ ಮುಗಿದುಹೋಗುತ್ತದೆ. ನಮ್ಮ ಕಡೆಯವರಿಗಾದರೆ ಒಂದು ಮಾತು ಸಾಕು. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಯಾವ ರೇವಿನಲ್ಲಿ ಇಳಿದೆ, ಎಲ್ಲಿ ಎಷ್ಟು ತೆತ್ತೆ ಎಂಬುದನ್ನೆಲ್ಲ ಬೇರೆ ಯಾರಾದರೂ ಬರೆಯಲಿ. ನಾನು ಹೆದರಿದ್ದನ್ನಷ್ಟೇ ಬರೆಯುತ್ತೇನೆ, ಅದೇ ಬೇಕಾದಷ್ಟಿದೆ.

ತಿರುಮಕೂಡಲು

ನನ್ನ ಊರು ತಿರುಮಕೂಡಲು ನರಸೀಪುರ. ತಂದೆ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ನಾನೂ ಅಮ್ಮನೂ ಸೋದರಮಾವನ ಮನೆಯಲ್ಲೇ ಇದ್ದೆವು. ಮಾವ ಅಮ್ಮನಿಗೆ ತಮ್ಮ, ಭತ್ತದ ವ್ಯಾಪಾರ ಮಾಡುತ್ತಿದ್ದರು. ಹಿತ್ತಲ ಬಾಗಿಲು ತೆಗೆದು ನಾಲ್ಕು ಹೆಜ್ಜೆ ಇಟ್ಟರೆ ಕಪಿಲೆ; ಅಲ್ಲಿಂದ ಕೂಗಳತೆಯಲ್ಲಿ ಅದು ಕಾವೇರಿಗೆ ಸೇರುವ ಸಂಗಮ. ಎಲ್ಲೆಲ್ಲಿಂದಲೋ ಜನ ಗಾಡಿ ಕಟ್ಟಿಕೊಂಡು ಬಂದು ಮುಳುಗು ಹಾಕಿ ಹೋಗುವ ಆ ನೀರಿನಲ್ಲಿ ನಾನು ಒಂದು ಸಲವೂ ಕಾಲು ಅದ್ದಿದವನಲ್ಲ.

ಕಾರಣ ನನ್ನ ಜಾತಕ. ಅದನ್ನು ಬರೆದ ಜೋಯಿಸರು, ‘ಮಗುವಿಗೆ ಜಲಗಂಡ ಇದೆ, ಇಪ್ಪತ್ತೈದು ತುಂಬುವವರೆಗೆ ನೀರಿಗೆ ಬಿಡಬೇಡಿ, ಪ್ರಾಣಕ್ಕೇ ಕಂಟಕ’ ಎಂದು ಹೇಳಿ ದಕ್ಷಿಣೆ ತೆಗೆದುಕೊಂಡು ಹೊರಟುಹೋದರು. ಅವರಿಗೆ ಅಲ್ಲಿಗೆ ಮುಗಿಯಿತು, ನನಗೆ ಅಲ್ಲಿಂದ ಶುರುವಾಯಿತು. ಓರಗೆಯ ಹುಡುಗರೆಲ್ಲ ಬಂಡೆಯ ಮೇಲಿಂದ ಧುಮುಕುತ್ತಿದ್ದರೆ ನನ್ನನ್ನು ಜಗಲಿಯ ಕಂಬಕ್ಕೆ ಹಳೇ ಸೀರೆಯಲ್ಲಿ ಕಟ್ಟಿಹಾಕಿರುತ್ತಿದ್ದರು. ನನ್ನ ಸ್ನಾನ ಬಚ್ಚಲಲ್ಲಿ, ಅದೂ ಅಮ್ಮ ಚೊಂಬಿನಲ್ಲಿ ಹೊಯ್ದಷ್ಟು. ಹಂಡೆ ತುಂಬಿದ್ದರೆ ಅದರ ಪಕ್ಕ ನನ್ನನ್ನು ಒಬ್ಬನೇ ಬಿಡುತ್ತಿರಲಿಲ್ಲ. ಆಚೆ ದಡದ ದೇವಸ್ಥಾನಕ್ಕೆ ಹರಿಗೋಲಿನಲ್ಲಿ ದಾಟಬೇಕಾದ್ದರಿಂದ ಆ ದೇವರ ಮುಖವನ್ನೇ ನಾನು ನೋಡಿರಲಿಲ್ಲ. ಹೀಗೆ ಬೆಳೆದವನಿಗೆ ಹೆದರಿಕೆಯನ್ನು ಬೇರೆ ಯಾರಾದರೂ ಕಲಿಸಬೇಕೆ? ಅದು ಅನ್ನದ ಜೊತೆಗೇ ಹೊಟ್ಟೆಗೆ ಇಳಿದಿತ್ತು.

ಬೇಸಾಯದ ಶಾಸ್ತ್ರ ಓದಲು ಸರ್ಕಾರ ನನ್ನನ್ನು ಅಮೆರಿಕಕ್ಕೆ ಕಳಿಸುತ್ತದೆ ಎಂದು ಗೊತ್ತಾದ ದಿನ ಊರಿಗೆ ಊರೇ ನಮ್ಮ ಜಗಲಿಗೆ ಬಂತು. ಅಮ್ಮ ಮಾತ್ರ ಒಳಗೆ ರಾಗಿ ಬೀಸುತ್ತ ಕೂತಿದ್ದಳು. ಬಂದವರೆಲ್ಲ ಹೋದ ಮೇಲೆ ಬೀಸುವ ಕಲ್ಲು ನಿಲ್ಲಿಸಿ ಕೇಳಿದಳು.

‘ಸಮುದ್ರ ಅಂದ್ರೆ ನೀರೇ ಅಲ್ವೇನೋ?’

‘ಹಡಗಲ್ಲಿ ಹೋಗೋದು ಕಣಮ್ಮ.’

‘ಅಡಗು ಯಾತರ ಮ್ಯಾಲೆ ಓಯ್ತದೆ?’

ಮಾವ ನಡುವೆ ಬಾಯಿ ಹಾಕಿದರು. ‘ಬುಡಕ್ಕಾ. ಮಾರಾಜ್ರ ಸರ್ಕಾರ ಕಳುಸ್ತಾ ಅದೆ. ನಮ್ ವಂಸದಲ್ಲಿ ಇನ್ಯಾರ್ಗೆ ಸಿಕ್ಕೀತು ಇಂಥದ್ದು? ಓದಾಕ್ ಓಯ್ತಾವ್ನೆ, ಈಜಾಕ್ ಓಯ್ತಾನಾ?’

ಅಮ್ಮ ಮತ್ತೊಂದು ಹಿಡಿ ರಾಗಿ ಕಲ್ಲಿಗೆ ಹಾಕಿದಳು. ಕೊನೆಗೆ, ‘ಓಗು ಮಗಾ. ನೀರ್ಗ್ ಮಾತ್ರ ಇಳೀಬ್ಯಾಡ’ ಅಂದಳು. ನಾನೇಕೆ ಇಳಿಯಲಿ? ಇಳಿಯಬೇಡ ಎಂದು ನನಗೆ ಯಾರೂ ಹೇಳುವ ಅಗತ್ಯವೇ ಇರಲಿಲ್ಲ.

ನಂಜನಗೂಡು

ಹೊರಡುವ ಮುಂಚೆ ನಂಜುಂಡೇಶ್ವರನಿಗೆ ಮುಖ ತೋರಿಸಿ ಹೋಗಬೇಕೆಂದು ಮಾವ ಹಟ ಹಿಡಿದರು. ಗಾಡಿಯಲ್ಲಿ ನನ್ನನ್ನು ನಂಜನಗೂಡಿಗೆ ಕರೆದುಕೊಂಡು ಹೋದರು. ಅಮ್ಮ ಬರಲಿಲ್ಲ, ಬಾಗಿಲಲ್ಲೇ ನಿಂತಳು. ಕಪಿಲೆಯ ಸೇತುವೆ ಬಂದಾಗ ನಾನು ಎಂದಿನಂತೆ ಕಣ್ಣು ಮುಚ್ಚಿಕೊಂಡೆ. ಎತ್ತಿನ ಗೊರಸಿನ ಸದ್ದು ಬದಲಾದ ಮೇಲೆಯೇ ಬಿಟ್ಟೆ.

ನಂಜನಗೂಡು ನನಗೆ ಹೊಸದಲ್ಲ. ಅಲ್ಲಿಯ ಇಸ್ಕೂಲಿನಲ್ಲಿ ಕೆಲವು ವರ್ಷ ಓದಿದ್ದೆ. ಹೊಳೆಗೆ ಹೋಗದ ಹುಡುಗ ಮೂಲೆಯಲ್ಲಿ ಕೂತು ಹಾಳಾಗಬಾರದೆಂದು ಮಾವ ಗರಡಿಗೆ ಸೇರಿಸಿದ್ದರು. ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಕೆಮ್ಮಣ್ಣು, ಮಬ್ಬು ಬೆಳಕು, ಬೆವರಿನ ವಾಸನೆ. ಒಳಗೆ ಕಾಲಿಡುವ ಮುಂಚೆ ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ನನ್ನ ಪಾಲಿಗೆ ಲೋಕದಲ್ಲಿ ಭಯವಿಲ್ಲದ ಜಾಗ ಅದೊಂದೇ ಆಗಿತ್ತು, ಯಾಕೆಂದರೆ ಅಲ್ಲಿ ನೀರಿರಲಿಲ್ಲ.

ಪೂಜೆ ಮುಗಿಸಿ ದೇವಸ್ಥಾನದಿಂದ ಹೊರಗೆ ಬಂದು ಮಾವ ಸ್ನಾನಘಟ್ಟದ ಮೇಲಿನ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕೂತರು. ನಾನು ಅವರ ಬೆನ್ನ ಹಿಂದೆ ನಿಂತು ಕೆಳಗೆ ಮುಳುಗು ಹಾಕುವವರನ್ನು ನೋಡಿದೆ. ಹೆಬ್ಬೆಟ್ಟಿನಿಂದ ಎರಡು ಕಿವಿ, ಉಳಿದ ಬೆರಳುಗಳಿಂದ ಕಣ್ಣು ಮೂಗು ಬಾಯಿ ಮುಚ್ಚಿಕೊಂಡು ಗುಳುಂ ಎಂದು ಕೆಳಗೆ ಹೋಗುತ್ತಿದ್ದರು, ಮತ್ತೆ ಮೇಲೆ ಬರುತ್ತಿದ್ದರು. ನೀರಿನೊಳಗೆ ಹೋಗುವುದು ಎಂದರೆ ನಾನು ಕಂಡಿದ್ದು ಅಷ್ಟೇ.

ಸ್ಟೇಷನ್ನಿನಲ್ಲಿ ಹುರಿಹಿಟ್ಟಿನ ಗಂಟು ಕೈಗೆ ಕೊಟ್ಟು ಮಾವ ಮುಖ ಆಚೆ ತಿರುಗಿಸಿಕೊಂಡರು. ರೈಲು ಹೊರಟಿತು. ಅದೂ ಆ ಸೇತುವೆಯ ಮೇಲೇ ಹೋಗಬೇಕು. ಮತ್ತೆ ಕಣ್ಣು ಮುಚ್ಚಿದೆ.

ಹಡಗು

ಹಡಗಿನ ಬಗ್ಗೆ ಹೆಚ್ಚು ಹೇಳಲಾರೆ, ನಾನು ಅದನ್ನು ಸರಿಯಾಗಿ ನೋಡಿಯೇ ಇಲ್ಲ. ಎಲ್ಲರೂ ಕಟಕಟೆಗೆ ಒರಗಿ ಸಮುದ್ರ ನೋಡುತ್ತಿದ್ದರು. ನಾನು ಹಡಗಿನ ನಟ್ಟನಡುವೆ ಯಾವ ಕಡೆಯಿಂದಲೂ ಸಮದೂರದಲ್ಲಿರುವ ಒಂದು ಬೆಂಚು ಹುಡುಕಿಕೊಂಡು ಅಲ್ಲೇ ಕೂತೆ. ಮಲಗುವಾಗ, ಮುಳುಗಿದರೆ ತೇಲಿಸಲೆಂದು ಹಡಗಿನವರು ಕೊಟ್ಟಿದ್ದ ಅಂಗಿಯನ್ನು ತೊಟ್ಟೇ ಮಲಗುತ್ತಿದ್ದೆ. ನನ್ನ ಕೋಣೆಯಲ್ಲಿದ್ದ ಇಂಗ್ಲಿಷ್ ವ್ಯಾಪಾರಿ ಮೊದಲು ನಕ್ಕ, ಆಮೇಲೆ ನಾನು ಮಗ್ಗುಲಾದಾಗಲೆಲ್ಲ ಅದು ಕಿರುಗುಟ್ಟುತ್ತದೆಂದು ಬೈದ. ಬೈದರೆ ಬೈಯಲಿ, ಮುಳುಗಿದರೆ ಮುಳುಗುವವನು ನಾನು.

ಒಂದು ಮಧ್ಯಾಹ್ನ ಗಂಟೆ ಬಡಬಡ ಹೊಡೆದುಕೊಂಡಿತು. ಜನ ಎದ್ದು ಓಡಿದರು. ಜೋಯಿಸರ ಮಾತು ನಿಜವಾಯಿತು, ಅಮ್ಮನಿಗೆ ಯಾರು ತಿಳಿಸುತ್ತಾರೆ ಎಂದುಕೊಳ್ಳುತ್ತಾ ಹುರಿಹಿಟ್ಟಿನ ಗಂಟು ಕಂಕುಳಲ್ಲಿ ಅವಚಿಕೊಂಡು ಎಲ್ಲರಿಗಿಂತ ಮೊದಲು ಹೋಗಿ ಪಕ್ಕದಲ್ಲಿ ತೂಗುಹಾಕಿದ್ದ ದೋಣಿಯಲ್ಲಿ ಕೂತುಬಿಟ್ಟೆ. ಹಡಗು ಮುಳುಗಿರಲಿಲ್ಲ. ಮುಳುಗಿದರೆ ಹೇಗೆ ನಡೆದುಕೊಳ್ಳಬೇಕು ಎಂದು ಅಭ್ಯಾಸ ಮಾಡಿಸುತ್ತಿದ್ದರಂತೆ. ಬರಬಾರದ ಕೇಡನ್ನು ಮೊದಲೇ ಗಂಟೆ ಹೊಡೆದು ಕರೆಯುವ ಈ ಜನರ ಬುದ್ಧಿಗೆ ಏನು ಹೇಳುವುದು. ನಮ್ಮಲ್ಲಿ ಮುಳುಗು ಎಂಬ ಶಬ್ದವನ್ನೇ ನನ್ನ ಮುಂದೆ ಯಾರೂ ಆಡುತ್ತಿರಲಿಲ್ಲ. ನನ್ನನ್ನು ದೋಣಿಯಿಂದ ಇಳಿಸಲು ಇಬ್ಬರು ಖಲಾಸಿಗಳು ಬರಬೇಕಾಯಿತು.

ಫೀಲ್ಡ್ ಹೌಸ್

ಕಾಲೇಜಿದ್ದ ಊರಿನಲ್ಲಿ ಸಮುದ್ರವಿರಲಿಲ್ಲ, ಹೇಳಿಕೊಳ್ಳುವಂಥ ಹೊಳೆಯೂ ಇರಲಿಲ್ಲ. ಸುತ್ತ ಮುಸುಕಿನ ಜೋಳದ ಹೊಲ. ಸದ್ಯ, ಇಲ್ಲಿ ಬದುಕಿಕೊಂಡೆ ಎಂದುಕೊಂಡೆ. ಅಲ್ಲಿಯವರು ದಾರಿಯಲ್ಲಿ ಸಿಕ್ಕಾಗ ಹೇಗಿದ್ದೀಯ ಎಂದು ಕೇಳುತ್ತಾರೆ, ಉತ್ತರ ಕೇಳಲು ನಿಲ್ಲುವುದಿಲ್ಲ. ಊಟ ಆಯಿತೇ ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಒಗ್ಗಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಮೊದಲ ವಾರವೇ ಫೀಲ್ಡ್ ಹೌಸಿಗೆ ಬಾ ಎಂದು ಕರೆ ಬಂತು. ನೋಡಿದರೆ ಅದು ಅವರ ಗರಡಿಮನೆ. ನಮ್ಮ ನಂಜನಗೂಡಿನಂಥ ಇಪ್ಪತ್ತು ಗರಡಿ ಒಳಗೆ ಹಿಡಿಸೀತು, ಅಷ್ಟು ದೊಡ್ಡದು. ಇಟ್ಟಿಗೆಯ ಗೋಡೆ, ಎತ್ತರದ ಮರದ ಮಾಡು, ಮೇಲೆ ಸುತ್ತಲೂ ನಿಂತು ನೋಡುವ ಅಟ್ಟ. ಕೆಳಗೆ ನೆಲ ಮಾತ್ರ ಮಣ್ಣು. ಮಂಜು ಬಿದ್ದು ಹೊರಗೆ ಆಡಲಾಗದ ತಿಂಗಳುಗಳಲ್ಲಿ ಹುಡುಗರು ಆ ಮಣ್ಣಿನ ಮೇಲೆ ಓಡುತ್ತಾರೆ, ನೆಗೆಯುತ್ತಾರೆ, ಕುಸ್ತಿ ಹಿಡಿಯುತ್ತಾರೆ. ಆ ಮಣ್ಣಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಬಾಗಿಲಲ್ಲೇ ಬೂಟು ಕಳಚಿ, ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಕಸರತ್ತಿನ ಮೇಷ್ಟ್ರು ಡೋಲನ್, ಸಿಡುಕು ಮುಖದ ಕುಳ್ಳ ಮನುಷ್ಯ, ಹತ್ತಿರ ಬಂದು ‘ಏನು ಬೀಳಿಸಿಕೊಂಡೆ?’ ಎಂದು ತಾನೂ ಬಗ್ಗಿ ಹುಡುಕತೊಡಗಿದ. ಊರು ಬಿಟ್ಟ ಮೇಲೆ ನನಗೆ ನೆಮ್ಮದಿ ಅನಿಸಿದ್ದು ಅದೇ ಮೊದಲು.

‘ಕೆಳಗೆ ನಡಿ’ ಅಂದ ಡೋಲನ್.

ಒಂದು ಮೂಲೆಯಲ್ಲಿ ಕಬ್ಬಿಣದ ಮೆಟ್ಟಿಲು ಇಳಿಯುತ್ತಿತ್ತು. ಇಳಿದೆ. ಕೆಳಗೆ ನೆಲಮಾಳಿಗೆ, ಹಬೆಯ ಕೊಳವೆಗಳು, ಮಂಕು ದೀಪಗಳು, ಅವುಗಳ ನಡುವೆ ಉದ್ದಕ್ಕೆ ಕಟ್ಟಿದ ತೊಟ್ಟಿ, ಅದರ ತುಂಬ ಹಸಿರು ನೀರು. ಆಕಾಶವಿಲ್ಲ, ದಡವಿಲ್ಲ, ಮರವಿಲ್ಲ. ನೀರನ್ನು ಹಿಡಿದು ತಂದು ನೆಲದೊಳಗೆ ಬಚ್ಚಿಟ್ಟಿದ್ದಾರೆ. ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟೆ.

‘ಇದನ್ನು ಆ ತುದಿಯವರೆಗೆ ಈಜಿ ಈ ತುದಿಗೆ ವಾಪಸು ಬರಬೇಕು’ ಅಂದ ಡೋಲನ್. ‘ಇಲ್ಲದಿದ್ದರೆ ಈ ಕಾಲೇಜು ಡಿಗ್ರಿ ಕೊಡುವುದಿಲ್ಲ. ಎಂಥಾ ಬುದ್ಧಿವಂತನಾದರೂ ಸರಿ.’

ಅವನು ತಮಾಷೆ ಮಾಡುತ್ತಿದ್ದಾನೆಂದು ನಕ್ಕೆ. ಅವನು ನಗಲಿಲ್ಲ.

ಹತ್ತು ಬೆರಳು

ಬೇಸಾಯ ಕಲಿಯಲು ಬಂದವನಿಗೆ ಈಜು ಯಾಕೆ ಬೇಕು ಎಂದು ನಾನು ಕಂಡಕಂಡವರನ್ನು ಕೇಳಿದೆ. ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಿಂದಿನಿಂದ ಬಂದದ್ದು ಅಂತಾರೆ. ನಮ್ಮ ಶಾಸ್ತ್ರಿಗಳೂ ಹೀಗೇ ಹೇಳುವುದು, ಅಲ್ಲಿಗೆ ಹೋದರೂ ತಪ್ಪಲಿಲ್ಲ. ಡಿಗ್ರಿ ಇಲ್ಲದೆ ವಾಪಸಾದರೆ ಸರ್ಕಾರಕ್ಕೆ ಏನೆಂದು ಹೇಳಲಿ, ತೊಟ್ಟಿ ಈಜಲಿಲ್ಲ ಎಂದೇ? ಈಜಿದರೆ ವಾಪಸೇ ಆಗುವುದಿಲ್ಲ, ಅದು ಇನ್ನೊಂದು. ಇಪ್ಪತ್ತೈದು ತುಂಬಲು ವರ್ಷಗಳಿದ್ದವು. ನೆಗಡಿ, ಜ್ವರ, ಕಿವಿನೋವು, ಹೊಟ್ಟೆನೋವು ಹೀಗೆ ನೆವ ಹೇಳಿಕೊಂಡು ಮುಂದೂಡುತ್ತಾ ಹೋದೆ.

ಕೊನೆಯ ವರ್ಷ ನೆವಗಳೆಲ್ಲ ಮುಗಿದವು. ನನ್ನ ಕೋಣೆಯ ಜೊತೆಗಾರ ವಾಲ್ಟರ್ ಎಂಬ ಹುಡುಗ, ಒಕ್ಕಲು ಮನೆಯವನು, ಸಾಧು. ಅವನಿಗೆ ಎಲ್ಲ ಹೇಳಿಬಿಟ್ಟೆ. ನಗುತ್ತಾನೆಂದುಕೊಂಡಿದ್ದೆ. ಅವನು ಬಹಳ ಗಂಭೀರವಾಗಿ, ‘ಆ ಗಂಡ ಕಳೆಯುವುದು ಯಾವಾಗ?’ ಎಂದು ಕೇಳಿದ. ಡಿಗ್ರಿ ಕೊಡುವ ದಿನ ಕಳೆದು ಎರಡು ತಿಂಗಳಿಗೆ ಎಂದೆ. ಮಾರನೆಯ ದಿನ ಅವನು ನನ್ನನ್ನು ಕರೆದುಕೊಂಡು ಡೀನರ ಹತ್ತಿರ ಹೋಗಿ, ಗ್ರಹಚಾರದ ಕಾರಣ ಎರಡು ತಿಂಗಳು ಗಡುವು ಕೊಡಬೇಕೆಂದು ಬೇಡಿಕೊಂಡ. ಡೀನರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ‘ಗ್ರಹಗಳ ವಿಷಯವಾದರೆ ಗುಡ್ಡದ ಮೇಲೆ ದೂರದರ್ಶಕ ಇಟ್ಟುಕೊಂಡು ಕೂತವರನ್ನು ಕೇಳಿ’ ಎಂದು ಬಾಗಿಲು ತೋರಿಸಿದರು.

ಸರಿ, ಇಳಿದೆ. ಅಲ್ಲಿಯ ಹುಡುಗರು ಮೈಮೇಲೆ ಒಂದೆಳೆ ನೂಲೂ ಇಲ್ಲದೆ ನೀರಿಗೆ ಬೀಳುತ್ತಾರೆ, ಅದೇ ನಿಯಮವಂತೆ. ನಾನು ಲಂಗೋಟಿ ಬಿಚ್ಚುವುದಿಲ್ಲ ಎಂದು ನಿಂತುಬಿಟ್ಟೆ. ಡೋಲನ್ ಒಂದಷ್ಟು ಹೊತ್ತು ಗುರುಗುಟ್ಟಿ ಅದೊಂದನ್ನು ಬಿಟ್ಟುಕೊಟ್ಟ. ಸೊಂಟಕ್ಕೆ ಹಗ್ಗ ಕಟ್ಟಿ ಆಳದ ಕಡೆಯ ಏಣಿಯಲ್ಲಿ ಇಳಿಸಿದ. ನೀರು ಎದೆಗೆ ಬಂತು. ‘ತಲೆ ಒಳಗೆ ಹಾಕು’ ಅಂದ. ನಾನು ನಂಜನಗೂಡಿನ ಘಟ್ಟದಲ್ಲಿ ಕಂಡ ಹಾಗೇ ಹೆಬ್ಬೆಟ್ಟಿನಲ್ಲಿ ಕಿವಿ, ಉಳಿದ ಬೆರಳಲ್ಲಿ ಕಣ್ಣು ಮೂಗು ಬಾಯಿ ಎಲ್ಲ ಬಿಗಿಯಾಗಿ ಮುಚ್ಚಿಕೊಂಡು ಮುಳುಗಿದೆ. ಗರುಡಗಂಬದ ಹಾಗೆ ನೆಟ್ಟಗೆ ತಳಕ್ಕೆ ಹೋಗಿ ನಿಂತೆ. ಡೋಲನ್ ಹಗ್ಗ ಎಳೆದು ಮೇಲೆ ತಂದ.

‘ಕೈ ತೆಗಿ’ ಎಂದ. ತೆಗೆದೆ. ಮತ್ತೆ ತಲೆ ಹಾಕಿದೆ, ಕೈ ತಾನಾಗಿ ಮುಖಕ್ಕೆ ಬಂತು. ‘ಕೈ ತೆಗಿ’ ಎಂದು ಅವನು ಕೂಗುವುದು, ಹತ್ತು ಬೆರಳೂ ಹೋಗಿ ಮುಖಕ್ಕೆ ಅಂಟಿಕೊಳ್ಳುವುದು. ಈಜಲು ಕೈ ಬೇಕು, ನನ್ನ ಕೈಗೆ ಬೇರೆ ಕೆಲಸವಿತ್ತು. ‘ಎಲ್ಲರೂ ಮುಳುಗದ ಹಾಗೆ ಕೈ ಆಡಿಸುತ್ತಾರೆ. ಇವನೊಬ್ಬ ಮುಳುಗಲಿಕ್ಕೆ ಸಿದ್ಧನಾಗಿ ಬಂದಿದ್ದಾನೆ’ ಎಂದು ಡೋಲನ್ ವಾಲ್ಟರಿಗೆ ಹೇಳಿದ. ಬೇಜಾರಾಯಿತು, ಆದರೆ ಅವನು ಹೇಳಿದ್ದು ಸುಳ್ಳಲ್ಲ.

ದಿನವೂ ಸಂಜೆ ವಾಲ್ಟರ್ ಎಳೆದುಕೊಂಡು ಹೋಗುತ್ತಿದ್ದ. ಮೊದಲು ಕಿವಿಯ ಬೆರಳು ಬಿಡಿಸಿದ, ಆಮೇಲೆ ಕಣ್ಣಿನದು. ಮೂಗಿನ ಬೆರಳು ಬಿಡಲು ಒಂದು ಚಳಿಗಾಲವೇ ಹಿಡಿಯಿತು. ವಸಂತ ಬರುವ ಹೊತ್ತಿಗೆ ನಾಯಿ ಈಜಿದ ಹಾಗೆ ಕೈಕಾಲು ಬಡಿದು ಅರ್ಧ ತೊಟ್ಟಿ ಹೋಗುತ್ತಿದ್ದೆ. ಅರ್ಧಕ್ಕೆ ಹೋದಾಗಲೆಲ್ಲ ಜೋಯಿಸರು ನೆನಪಾಗುತ್ತಿದ್ದರು, ದಂಡೆಯಿಂದ ಚಾಚುತ್ತಿದ್ದ ಕೋಲು ಹಿಡಿದು ಹತ್ತಿಬಿಡುತ್ತಿದ್ದೆ.

ಹಳಬರ ದಿನ

ಆ ಕಾಲೇಜಿನಲ್ಲಿ ಡಿಗ್ರಿ ಕೊಡುವುದರ ಹಿಂದಿನ ದಿನ ಹಳೆಯ ವಿದ್ಯಾರ್ಥಿಗಳೆಲ್ಲ ಬಂದು ಸೇರುತ್ತಾರೆ. ತಲೆ ನರೆತವರು, ಹೊಟ್ಟೆ ಬಂದವರು, ಬಣ್ಣಬಣ್ಣದ ಟೋಪಿ ಹಾಕಿಕೊಂಡು ಬೀದಿಯಲ್ಲಿ ಹಾಡಿಕೊಂಡು ಕುಣಿಯುತ್ತಾರೆ. ನಮ್ಮೂರಿನಲ್ಲಿ ಮೊಮ್ಮಕ್ಕಳನ್ನು ಕಂಡವರು ಹೀಗೆ ಇಸ್ಕೂಲಿನ ಮುಂದೆ ಕುಣಿದರೆ ಮನೆಯವರು ತಾಯಿತ ಕಟ್ಟಿಸುತ್ತಿದ್ದರು. ಅವರಿಗೆ ಫೀಲ್ಡ್ ಹೌಸೇ ಬಿಡಾರ. ಮಣ್ಣಿನ ನೆಲದ ಮೇಲೆ ಬೆಂಚು ಹಾಕಿಕೊಂಡು ಕೂತರೆಂದರೆ ನೆನಪುಗಳೋ ನೆನಪುಗಳು. ಒಂದು ವರ್ಷ ಮಂಜಿನ ಭಾರಕ್ಕೆ ಮಾಡು ಕುಸಿದದ್ದು, ಯಾರೋ ಮೇಲಿನ ಅಟ್ಟಕ್ಕೆ ಹಸು ಹತ್ತಿಸಿ ಇಳಿಸಲಾಗದೆ ಪರದಾಡಿದ್ದು, ಒಬ್ಬ ಸುತ್ತು ಓಡಿ ಓಡಿ ಗೆದ್ದ ಮೇಲೆ ನಿಲ್ಲುವುದನ್ನೇ ಮರೆತು ಬಾಗಿಲಾಚೆ ಹೋದದ್ದು. ಹೇಳಿದ್ದನ್ನೇ ಹೇಳಿ ಬಿದ್ದುಬಿದ್ದು ನಗುತ್ತಿದ್ದರು.

ಅವರಿಗೆ ಇನ್ನೊಂದು ಪದ್ಧತಿ ಇತ್ತು. ಅಲ್ಲಿಯವರೆಗೂ ತೊಟ್ಟಿ ದಾಟದೆ ಉಳಿದವರನ್ನು ಅವರು ಕಲ್ಲು ಎಂದು ಕರೆಯುತ್ತಿದ್ದರು. ಆ ದಿನ ಮಧ್ಯಾಹ್ನ ಕಲ್ಲುಗಳ ಕೊನೆಯ ಪರೀಕ್ಷೆ. ಹಳಬರೆಲ್ಲ ಕೆಳಗಿಳಿದು ತೊಟ್ಟಿಯ ಸುತ್ತ ನಿಂತು ನೋಡುತ್ತಾರೆ. ಆ ವರ್ಷ ಉಳಿದಿದ್ದ ಕಲ್ಲು ನಾನೊಬ್ಬನೇ.

ಬೆಳಗಿನಿಂದ ಅಮ್ಮನ ಮುಖ ಕಣ್ಣ ಮುಂದೆ ಬಂದು ಹೋಗುತ್ತಿತ್ತು. ಇವತ್ತು ನಾನು ಸಾಯುತ್ತೇನೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಗಂಟುಮೂಟೆ ಕಟ್ಟಿ, ಮಾವನ ವಿಳಾಸವನ್ನು ವಾಲ್ಟರಿಗೆ ಕೊಟ್ಟು ಬಂದಿದ್ದೆ. ಗುಂಪಿನಿಂದ ದೂರ ಒಂದು ಬೆಂಚಿನ ತುದಿಯಲ್ಲಿ ಕೂತಿದ್ದಾಗ, ಬೆತ್ತ ಹಿಡಿದ ಬಿಳಿ ಮೀಸೆಯ ಒಬ್ಬರು ಬಂದು ಪಕ್ಕದಲ್ಲಿ ಕೂತರು. ಅವರು ಡಾಕ್ಟರ್ ಮಿಲ್ಲರ್, ಅಲ್ಲಿ ಓದಿ ಬೇರೆ ಊರಿನಲ್ಲಿ ವೈದ್ಯ ಮಾಡುತ್ತಿದ್ದವರು.

‘ಈ ಸಲದ ಕಲ್ಲು ನೀನೇನಾ?’ ಎಂದರು.

‘ಹೌದು ಸಾರ್.’

‘ನಮ್ಮ ಕಾಲದಲ್ಲಿ ಈ ತೊಟ್ಟಿ ಹೊಸದು. ನಾನೂ ಕಲ್ಲೇ. ಹೇಗೋ ದಾಟಿದೆ. ಆವತ್ತಿನಿಂದ ಇವತ್ತಿನವರೆಗೆ ನಾನು ನೀರಿಗೆ ಇಳಿದಿಲ್ಲ.’

ಅಷ್ಟು ಜನರಲ್ಲಿ ಹೆದರಿಕೆಯ ಮಾತು ಆಡಿದವರು ಅವರೊಬ್ಬರೇ. ನಾನು ಅವರ ಮುಖ ನೋಡಿದೆ.

‘ಪ್ರತಿ ವರ್ಷ ಬರುತ್ತೇನೆ. ಕೆಳಗೆ ಹೋಗಿ ನೀರು ನೋಡಿ ವಾಪಸು ಬರುತ್ತೇನೆ’ ಎಂದರು.

‘ಯಾಕೆ?’

‘ಹೆದರಿಕೆ ಇನ್ನೂ ಇದೆಯೇ ಅಂತ ನೋಡಲು.’

‘ಇದೆಯಾ?’

‘ಇದೆ’ ಎಂದರು. ಆಮೇಲೆ ಬೆತ್ತ ಊರಿಕೊಂಡು ಎದ್ದರು. ‘ನಡಿ, ನಾನು ದಂಡೆಯಲ್ಲಿ ನಿನ್ನ ಪಕ್ಕದಲ್ಲೇ ಬರುತ್ತೇನೆ.’

ಕೆಳಗೆ ಹೋದೆವು. ಸುತ್ತ ಟೋಪಿಗಳು, ಚುರುಟಿನ ಹೊಗೆ, ಗದ್ದಲ. ನನ್ನ ಲಂಗೋಟಿ ಕಂಡು ಒಂದಷ್ಟು ನಗೆ. ಡೋಲನ್ ಉದ್ದನೆಯ ಕೋಲು ಹಿಡಿದು ನಿಂತ. ಅದನ್ನು ಹಿಡಿದರೆ ಬದುಕುತ್ತೇನೆ, ಡಿಗ್ರಿ ಹೋಗುತ್ತದೆ. ಮನೆದೇವರನ್ನು ನೆನೆದು ನೀರಿಗೆ ಬಿದ್ದೆ.

ಆ ತುದಿಯವರೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಗೋಡೆ ಮುಟ್ಟಿದಾಗ ಗದ್ದಲ ಎದ್ದಿತು. ತಿರುಗಿದೆ. ಅರ್ಧಕ್ಕೆ ಬಂದಾಗ ತೋಳು ಸೋತಿತು, ಒಂದು ಬಾಯಿ ನೀರು ಒಳಗೆ ಹೋಯಿತು. ಅಷ್ಟೇ ಸಾಕಾಯಿತು. ಕಲಿತದ್ದೆಲ್ಲ ಮರೆತುಹೋಗಿ ಹತ್ತು ಬೆರಳೂ ಹೋಗಿ ಮುಖಕ್ಕೆ ಕೂತವು. ಕೆಳಗೆ ಹೋದೆ. ಕಿವಿ ಮುಚ್ಚಿದ್ದರಿಂದ ಗದ್ದಲ ನಿಂತುಹೋಯಿತು. ಅಂಗಾಲಿಗೆ ತಳ ತಾಗಿತು. ಇದೇ ಆ ಗಳಿಗೆ ಎಂದುಕೊಂಡೆ. ಮೂರು ಸಮುದ್ರ ದಾಟಿ ಬಂದು ಈ ತೊಟ್ಟಿಯಲ್ಲಿ ಸಾಯುತ್ತಿದ್ದೇನೆ, ಅಮ್ಮಾ, ಎಂದು ಮನಸ್ಸಿನಲ್ಲೇ ಅತ್ತೆ. ಆದರೆ ಎದೆ ಉರಿಯತೊಡಗಿದಾಗ ಅಳುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಕೈ ತಾನಾಗಿ ಮುಖ ಬಿಟ್ಟು ನೀರನ್ನು ತಳ್ಳಿತು. ಮೇಲೆ ಬಂದೆ.

ಮೂಗಿನ ಮುಂದೆಯೇ ಡೋಲನ್ನನ ಕೋಲಿತ್ತು. ಹಿಡಿಯಲು ಕೈ ಚಾಚಿದೆ. ದಂಡೆಯಿಂದ ಡಾಕ್ಟರು ಬೆತ್ತದಲ್ಲಿ ಆ ಕೋಲನ್ನು ಫಟಾರೆಂದು ಆಚೆಗೆ ತಳ್ಳಿಬಿಟ್ಟರು. ಡೋಲನ್ ಅವರನ್ನು ಬೈದದ್ದು ಕೇಳಿಸಿತು. ಹಿಡಿಯಲು ಏನೂ ಇಲ್ಲ ಎಂದು ಗೊತ್ತಾದ ಮೇಲೆ, ಬಡಿದೆ. ಕೈ ಬಡಿದೆ, ಕಾಲು ಬಡಿದೆ. ಕೊನೆಗೆ ತಲೆ ಗೋಡೆಗೆ ಬಡಿಯಿತು.

ಹಳಬರೆಲ್ಲ ಟೋಪಿಗಳನ್ನು ನೀರಿಗೆ ಎಸೆದರು. ವಾಲ್ಟರ್ ನನ್ನನ್ನು ಎಳೆದು ಮೇಲೆ ಹಾಕಿದ. ಡಾಕ್ಟರು ಬಗ್ಗಿ ನನ್ನ ನಾಡಿ ನೋಡಿದರು. ಆಮೇಲೆ ತಮ್ಮದನ್ನೂ ನೋಡಿಕೊಂಡರು.

ಮನೆ

ಊರಿಗೆ ಬಂದಾಗ ಕಾರ್ತಿಕ. ನನಗೆ ಇಪ್ಪತ್ತೈದು ತುಂಬಿತ್ತು, ಬರುವಾಗ ಹಡಗಿನಲ್ಲಿ ಕಟಕಟೆಯ ಹತ್ತಿರ ಒಂದೆರಡು ಸಲ ನಿಂತೂ ಇದ್ದೆ. ಅಮ್ಮ ಸೊರಗಿದ್ದಳು. ಬಾಗಿಲಲ್ಲೇ ದೃಷ್ಟಿ ತೆಗೆದು ಒಳಗೆ ಕರೆದಳು. ಊಟವಾದ ಮೇಲೆ, ನೀರಿಗೆ ಇಳಿದ ಸಂಗತಿ ಹೇಳಲೇಬೇಕಾಯಿತು, ಹೇಳಿದೆ. ತೊಟ್ಟಿಯ ಮುಂದೆ ನಿಂತಾಗ ಆದಷ್ಟೇ ಹೆದರಿಕೆ ಆಗಲೂ ಆಯಿತು.

‘ಯಾವಾಗ ಇಳ್ದೆ?’ ಅಂದಳು.

‘ಜ್ಯೇಷ್ಠದಲ್ಲಿ.’

‘ಗಂಡ ಇನ್ನೂ ಕಳ್ದಿರ್ನಿಲ್ವಲ್ಲೋ.’

‘ಇರಲಿಲ್ಲ.’

‘ತಲೆ ಮುಳುಗ್ತಾ?’

‘ಮುಳುಗಿತು ಅಮ್ಮ.’

ಅವಳು ನನ್ನ ಮುಂಗೈ ಹಿಡಿದುಕೊಂಡಳು. ನಾನು ಇನ್ನೂ ನೀರಿನೊಳಗೇ ಇದ್ದೇನೆ ಅನ್ನುವಷ್ಟು ಬಿಗಿಯಾಗಿ ಹಿಡಿದಳು. ಆಮೇಲೆ ಕೈ ಬಿಟ್ಟು, ‘ಆ ದೇಸದ್ ನೀರ್ಗೆ ನಮ್ ಮಾತು ಗೊತ್ತಿರ್ನಿಲ್ಲ ಅಂತ ಕಾಣ್ತದೆ’ ಎಂದು ಹೇಳಿ ಎದ್ದು ಒಳಗೆ ಹೋದಳು.

ಯಾವ ಮಾತು ಎಂದು ಮಾವನನ್ನು ಕೇಳಿದೆ. ಮಾವ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು. ‘ನಿನ್ ಜಾತ್ಕ ಬರ್ಸಿದ್ ದಿನ ನಿನ್ನ ಸೊಂಟದ್ ಮ್ಯಾಲೆ ಕೂರುಸ್ಕೊಂಡು ಸಂಗಮಕ್ಕೆ ಓದ್ಲು. ನಾನು ಇನ್ಮ್ಯಾಲೆ ನಿನ್ ತಂಟೆಗೆ ಬರಾಕಿಲ್ಲ, ನೀನು ನನ್ ಮಗನ್ ತಂಟೆಗೆ ಬರಬ್ಯಾಡ ಅಂತ ಒಳೆಗೆ ಏಳಿ ಬಂದ್ಲು. ಅವತ್ತಿಂದ ಕಾಲ್ ಇಟ್ಟಿಲ್ಲ ಕಣೋ.’

‘ಅಮ್ಮನಿಗೂ ನೀರೆಂದರೆ ಭಯ ಅಂತಲೇ ನಾನು ತಿಳಿದಿದ್ದೆ’ ಅಂದೆ.

‘ಅವ್ಳಿಗಾ? ಚಿಕ್ಕೋಳಾಗಿದ್ದಾಗ ಇಲ್ಲಿಂದ ಆಚೆ ದಡಕ್ಕೆ ಈಜ್ಕೊಂಡೋಗಿ ಬತ್ತಿದ್ಲು. ಗಂಡೈಕ್ಳು ಯಾರೂ ಅವ್ಳಿಗೆ ಸಾಟಿ ಇರ್ನಿಲ್ಲ, ನಾನೂ ಸೇರ್ಕೊಂಡು’ ಅಂದರು ಮಾವ.

ಮಾರನೆಯ ದಿನ ಬೆಳಗ್ಗೆ ಎದ್ದಾಗ ಅಮ್ಮ ಸೀರೆ ಎತ್ತಿ ಕಟ್ಟಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ‘ಗಂಡ ಕಳೀತಲ್ಲ, ಬತ್ತೀಯಾ?’ ಅಂದಳು. ಮಾವನೂ ಎದ್ದು ಬಂದರು.

ಹೊಳೆಯ ಮೆಟ್ಟಿಲಲ್ಲಿ ಅವಳು ಒಂದು ಕಾಲು ನೀರಿಗೆ ಇಟ್ಟು ಹಿಂದಕ್ಕೆ ತೆಗೆದುಕೊಂಡಳು. ನಾನು ಕೈ ಕೊಟ್ಟೆ. ಹಿಡಿದದ್ದು ನಾನೋ ಅವಳೋ ಹೇಳಲಾರೆ. ಇಬ್ಬರೂ ಮೆಲ್ಲಗೆ ಎದೆಮಟ್ಟದ ನೀರಿಗೆ ಇಳಿದೆವು. ಅವಳು ನೀರಿಗೆ ಬಗ್ಗಿ ತುಟಿ ಅಲ್ಲಾಡಿಸಿ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಒಂದು ಮುಳುಗು ಹಾಕಿದಳು. ಮುಖ ಮುಚ್ಚಿಕೊಳ್ಳಲಿಲ್ಲ.

‘ಕೈ ಬುಡು’ ಅಂದಳು.

‘ಬೇಡಮ್ಮ, ಮುಂದೆ ಆಳ.’

‘ಆಳ ಎಲ್ಲದೆ ಅಂತ ನಂಗೊತ್ತು. ಬುಡು.’

ಬಿಟ್ಟೆ. ಅವಳು ನೀರಿನ ಮೇಲೆ ಒರಗಿಕೊಂಡ ಹಾಗೆ ಮುಂದಕ್ಕೆ ಜಾರಿದಳು. ತೋಳು ಒಂದಾದ ಮೇಲೊಂದು ಎದ್ದು ಬೀಳುತ್ತಿತ್ತು, ಅವಸರವೇ ಇಲ್ಲ. ನರೆಗೂದಲು ಬಿಚ್ಚಿಕೊಂಡು ಹಿಂದೆ ಹರಡಿತ್ತು. ಕಾವೇರಿಯ ನೀರು ಬಂದು ಕೂಡುವ ಕಡೆಗೇ ಹೊರಟಳು. ಅಲ್ಲಿ ಸೆಳೆತ ಜಾಸ್ತಿ ಎಂದು ಊರಿನವರೆಲ್ಲ ಹೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಅಮ್ಮಾ ಎಂದು ಕೂಗಿದೆ, ತಿರುಗಿ ನೋಡಲಿಲ್ಲ. ಹಿಂದೆ ಹೋಗೋಣವೆಂದರೆ ನನ್ನ ಕಾಲು ತಳ ಬಿಟ್ಟು ಏಳಲಿಲ್ಲ. ತೊಟ್ಟಿಯಲ್ಲಿ ನನ್ನ ಜೀವಕ್ಕೆ ಹೆದರಿದ್ದು ಇದರ ಮುಂದೆ ಏನೂ ಅಲ್ಲ. ಅವಳ ತಲೆ ಸಣ್ಣದಾಗುತ್ತಾ ಹೋಯಿತು. ಒಮ್ಮೆ ಕಾಣಿಸಿತು, ಒಮ್ಮೆ ಕಾಣಿಸಲಿಲ್ಲ. ನಾನು ಬಿದ್ದು ಎದ್ದು ಮೆಟ್ಟಿಲು ಹತ್ತಿ, ಮೇಲಿಂದಾದರೂ ಕಂಡೀತೇನೋ ಎಂದು ತುದಿಗಾಲಲ್ಲಿ ನಿಂತೆ.

ಮಾವ ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

‘ಬತ್ತಾಳೆ, ಕೂತ್ಕೊ’ ಅಂದರು.

ನನಗೆ ಕೂರಲಾಗಲಿಲ್ಲ.